ಕೈಗೆ ಮೆತ್ತಗಿರುವ ಚಪ್ಪಲಿ ಮಳೆಯಲ್ಲಿ ಜಾರುವುದಿಲ್ಲವೇ? ಅಟ್ಟೆಯ ಪ್ಲಾಸ್ಟಿಕ್ ಮತ್ತು ಹಿಡಿತದ ಅಸಲಿ ಲೆಕ್ಕ

ಚಪ್ಪಲಿ ಕೊಳ್ಳುವಾಗ ನಾವೆಲ್ಲ ಮಾಡುವ ಪರೀಕ್ಷೆ ಒಂದೇ. ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ, ಎರಡೂ ತುದಿ ಹಿಡಿದು ಬಗ್ಗಿಸುತ್ತೇವೆ, ಅಂಗೈಯಲ್ಲಿ ತೂಗಿ ನೋಡುತ್ತೇವೆ. ಮೆತ್ತಗಿದೆ, ಹಗುರವಾಗಿದೆ, ಬೆರಳಿಗೆ ಸ್ವಲ್ಪ ಅಂಟಿದ ಹಾಗೆ ಅನಿಸುತ್ತದೆ ಎಂದರೆ "ಒಳ್ಳೇ ಗ್ರಿಪ್ ಇದೆ" ಎಂದು ತೀರ್ಮಾನ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಫ್ಯಾಮಿಲಿ ಗ್ರೂಪ್‌ಗಳಲ್ಲಿ ಬರುವ ಮೆಸೇಜ್‌ಗಳೂ ಅದನ್ನೇ ಹೇಳುತ್ತವೆ: ಮೆತ್ತನೆಯದು ಜಾರುವುದಿಲ್ಲ, ಆಳವಾದ ಗೆರೆ ಇದ್ದರೆ ಜಾರುವುದಿಲ್ಲ, ದುಬಾರಿಯಾದದ್ದು ಜಾರುವುದಿಲ್ಲ.

ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಪೂರ್ತಿ ನಿಜವೂ ಅಲ್ಲ. ಅಂಗಡಿಯಲ್ಲಿ ನಿಮ್ಮ ಬೆರಳಿಗೆ ತಿಳಿಯುವುದು ಒಣ ಮೇಲ್ಮೈಯ ಸ್ಪರ್ಶ ಮಾತ್ರ. ಒದ್ದೆ ನೆಲದ ಮೇಲೆ ಅಟ್ಟೆ ಹೇಗೆ ವರ್ತಿಸುತ್ತದೆ ಎಂಬುದು ಬೇರೆಯೇ ಲೆಕ್ಕ. ಅದು ಅಟ್ಟೆಯ ವಸ್ತು, ಅದರ ಮೇಲಿನ ಗೆರೆ, ನೆಲದ ಒರಟುತನ ಮತ್ತು ಮಧ್ಯೆ ಇರುವ ದ್ರವ, ಈ ನಾಲ್ಕರ ಮೇಲೆ ನಿಂತಿದೆ.

ಇದು ಬರೀ ಅನುಕೂಲದ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದಕ್ಕೇ ಇದೆ. ಈ ಸಾವುಗಳಲ್ಲಿ ಶೇ. 80ಕ್ಕೂ ಹೆಚ್ಚು ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ. ಹೆಚ್ಚು ಅಪಾಯ ಇರುವುದು ವಯಸ್ಸಾದವರಿಗೆ. ಸೊಂಟದ ಮೂಳೆ ಮುರಿದುಕೊಂಡ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದೇ ಇಲ್ಲ. ಬೀಳುವುದಕ್ಕೆ ಕಾರಣ ಹಲವು, ಆದರೆ ಕಾಲಲ್ಲಿರುವ ಚಪ್ಪಲಿ ನಮ್ಮ ಕೈಯಲ್ಲಿರುವ ಕಾರಣ.

ಮೆಜೆಸ್ಟಿಕ್: ಒಂದೇ ಚಪ್ಪಲಿ, ನಾಲ್ಕು ನೆಲ

ಬೆಂಗಳೂರಿನ ಮೆಜೆಸ್ಟಿಕ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಎದುರಿಗೆ ರೈಲು ನಿಲ್ದಾಣ, ಪಕ್ಕದಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಸೇರುವ ಮೆಟ್ರೊ ನಿಲ್ದಾಣ. ಊರಿಂದ ಬಸ್ಸಿನಲ್ಲಿ ಬಂದಿಳಿದು ಮೆಟ್ರೊ ಹತ್ತುವಷ್ಟರಲ್ಲಿ ನಿಮ್ಮ ಚಪ್ಪಲಿ ಕನಿಷ್ಠ ನಾಲ್ಕು ಬಗೆಯ ನೆಲ ಮುಟ್ಟಿರುತ್ತದೆ. ಬಸ್ಸು ನಿಲ್ಲುವ ಕಡೆ ಎಣ್ಣೆ ಸೋರಿದ ಒರಟು ಕಾಂಕ್ರೀಟು, ಸಾವಿರಾರು ಕಾಲು ತುಳಿದು ಸವೆದ ಮೆಟ್ಟಿಲು, ಕೆಸರು ಮೆತ್ತಿದ ಫುಟ್‌ಪಾತ್ ಕಲ್ಲು, ಆಮೇಲೆ ಮೆಟ್ರೊದ ನುಣುಪಾದ ಗ್ರಾನೈಟು.

ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು. ಸಂಜೆ ಮಳೆ ಹೊಡೆದಾಗ ಹೊರಗಿನ ನೀರು, ಕೆಸರು ಎಲ್ಲವೂ ಚಪ್ಪಲಿಗೆ ಅಂಟಿಕೊಂಡು ಒಳಗಿನ ನುಣುಪು ನೆಲಕ್ಕೆ ಬರುತ್ತದೆ. ಫುಟ್‌ಪಾತ್ ಮೇಲೆ ಗಟ್ಟಿಯಾಗಿ ಹಿಡಿದ ಚಪ್ಪಲಿಯೇ ಹತ್ತು ಹೆಜ್ಜೆ ಮುಂದೆ ಗ್ರಾನೈಟ್ ಮೇಲೆ ಜಾರುತ್ತದೆ. ಚಪ್ಪಲಿ ಬದಲಾಗಿಲ್ಲ, ನೆಲ ಬದಲಾಗಿದೆ. "ಈ ಚಪ್ಪಲಿ ಜಾರುವುದಿಲ್ಲ" ಎಂಬ ಮಾತು ಅರ್ಧ ವಾಕ್ಯ ಅನ್ನುವುದು ಇದಕ್ಕೇ. ಯಾವ ನೆಲದ ಮೇಲೆ ಎಂದೂ ಹೇಳಬೇಕು.

ಹಿಡಿತ ಬರುವುದು ಎಲ್ಲಿಂದ?

ಮೊದಲು ಒಂದು ಸರಳ ಅಳತೆ ತಿಳಿದುಕೊಳ್ಳೋಣ. 10 ಕೆಜಿ ತೂಕದ ವಸ್ತುವನ್ನು ನೆಲದ ಮೇಲೆ ಎಳೆಯಲು 4 ಕೆಜಿ ಭಾರದಷ್ಟು ಬಲ ಬೇಕಾದರೆ, ಅಲ್ಲಿನ ಘರ್ಷಣೆಯ ಅಂಕ 0.4. ಸಮತಟ್ಟಾದ ನೆಲದ ಮೇಲೆ ಸಾಧಾರಣವಾಗಿ ನಡೆಯಲು ಸುಮಾರು 0.2 ಬೇಕು. ಅವಸರದಲ್ಲಿ ತಿರುಗಲು, ಇಳಿಜಾರು ಇಳಿಯಲು ಇನ್ನೂ ಹೆಚ್ಚು ಬೇಕು. ಒದ್ದೆಯಾಗುವ ಒಳಾಂಗಣದ ಟೈಲ್‌ಗಳಿಗೆ ಅಮೆರಿಕದ ಮಾನದಂಡ ಕೇಳುವ ಅಂಕ 0.42. ಒಣ ಟೈಲ್ ಮೇಲೆ ಬಹುತೇಕ ಎಲ್ಲ ಚಪ್ಪಲಿಗಳೂ ಈ ಗಡಿಯನ್ನು ಸುಲಭವಾಗಿ ದಾಟುತ್ತವೆ. ಹಾಗಾಗಿಯೇ ಒಣಗಿದ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದರೆ ಏನೂ ತಿಳಿಯುವುದಿಲ್ಲ.

ರಬ್ಬರು ಮತ್ತು ಮೆತ್ತನೆಯ ಪ್ಲಾಸ್ಟಿಕ್‌ಗಳು ನೆಲವನ್ನು ಎರಡು ರೀತಿಯಲ್ಲಿ ಹಿಡಿಯುತ್ತವೆ.

ಒಂದು, ಅಂಟಿಕೊಳ್ಳುವಿಕೆ. ಮೆತ್ತನೆಯ ವಸ್ತು ನೆಲದ ಸಣ್ಣ ಸಣ್ಣ ಏರುತಗ್ಗುಗಳಿಗೆ ಒತ್ತಿಕೊಂಡು ಹೆಚ್ಚು ಜಾಗದಲ್ಲಿ ಮುಟ್ಟುತ್ತದೆ. ಅಂಗಡಿಯಲ್ಲಿ ಬೆರಳಿಗೆ "ಅಂಟಿದ ಹಾಗೆ" ಅನಿಸುವುದು ಇದೇ. ಆದರೆ ಮಧ್ಯೆ ನೀರಿನ ತೆಳು ಪದರ ಬಂದರೆ ಅಟ್ಟೆ ಮತ್ತು ನೆಲ ಮುಟ್ಟುವುದೇ ಇಲ್ಲ. ಈ ಹಿಡಿತ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಎರಡು, ಒತ್ತಿ ಏಳುವಿಕೆ. ನೆಲದ ಒರಟು ತುದಿಗಳು ಅಟ್ಟೆಯೊಳಗೆ ಒತ್ತುತ್ತವೆ. ಅಟ್ಟೆ ಜಾರಲು ಹೊರಟಾಗ ಆ ತುದಿಗಳ ಸುತ್ತ ಅದು ಬಗ್ಗಿ ಏಳಬೇಕು. ಹಾಗೆ ಬಗ್ಗುವಾಗ ಶಕ್ತಿ ಕಳೆಯುತ್ತದೆ, ಆ ನಷ್ಟವೇ ಬ್ರೇಕಿನಂತೆ ತಡೆಯುತ್ತದೆ. ನೆಲ ಒರಟಾಗಿದ್ದರೆ ನೀರಿದ್ದರೂ ಇದು ಕೆಲಸ ಮಾಡುತ್ತದೆ. ಮಳೆಯಲ್ಲಿ ಒರಟು ಕಾಂಕ್ರೀಟ್ ಮೇಲೆ ಧೈರ್ಯವಾಗಿ ನಡೆಯಲು ಸಾಧ್ಯವಾಗುವುದು, ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಸಾಧ್ಯವಾಗದಿರುವುದು ಇದರಿಂದಲೇ.

ನೀರಿಗಿಂತ ಸೋಪಿನ ನೀರು ಅಪಾಯ, ಸೋಪಿನ ನೀರಿಗಿಂತ ಎಣ್ಣೆ ಅಪಾಯ. ದ್ರವ ದಪ್ಪವಾದಷ್ಟೂ ಕಾಲಡಿಯಿಂದ ಸರಿದುಹೋಗಲು ಹೆಚ್ಚು ಸಮಯ ಬೇಕು. ಹೆಜ್ಜೆ ಊರುವಾಗ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಮೈಭಾರ ಅದರ ಮೇಲೆ ಬೀಳುವವರೆಗೆ ಸಿಗುವುದು ಸೆಕೆಂಡಿನ ಸಣ್ಣ ಭಾಗ. ಅಷ್ಟರಲ್ಲಿ ದ್ರವ ಸರಿಯದಿದ್ದರೆ ಹಿಮ್ಮಡಿ ಮುಂದಕ್ಕೆ ಜಾರುತ್ತದೆ, ಮನುಷ್ಯ ಹಿಂದಕ್ಕೆ ಬೀಳುತ್ತಾನೆ.

ಯಾವ ವಸ್ತುವಿನ ಗುಣ ಏನು?

ಮೆಜೆಸ್ಟಿಕ್ ಸುತ್ತಲಿನ ಅಂಗಡಿಗಳಲ್ಲಿ, ಫುಟ್‌ಪಾತ್‌ನಲ್ಲಿ, ಚಿಕ್ಕಪೇಟೆಯಲ್ಲಿ, ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಸಿಗುವ ಚಪ್ಪಲಿಗಳಲ್ಲಿ ಹೆಚ್ಚಿನವು ಈ ಕೆಳಗಿನ ಯಾವುದಾದರೂ ಒಂದು ವಸ್ತುವಿನ ಅಟ್ಟೆ ಹೊಂದಿರುತ್ತವೆ.

ರಬ್ಬರು: ಹಸಿ ರಬ್ಬರು ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿ. ಅದಕ್ಕೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಸ್ಥಿರವಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಇಂದಿಗೂ ಒದ್ದೆ ನೆಲದ ಮೇಲೆ ಚೆನ್ನಾಗಿ ಹಿಡಿಯುವ ಅಟ್ಟೆಗಳಲ್ಲಿ ರಬ್ಬರಿನದೇ ಮೇಲುಗೈ. ತೂಕ ಮಾತ್ರ ಜಾಸ್ತಿ. ಹಳ್ಳಿಗಳಲ್ಲಿ ಹಳೇ ಟೈರಿನಿಂದ ಹೊಲಿದು ಕೊಡುತ್ತಿದ್ದ ಟೈರ್ ಚಪ್ಪಲಿ ವರ್ಷಗಟ್ಟಲೆ ಬಾಳುತ್ತಿದ್ದುದು, ಟೈರ್ ರಬ್ಬರಿಗೆ ಸವೆತ ತಡೆಯುವ ಕಪ್ಪು ಇಂಗಾಲದ ಪುಡಿ ಸೇರಿಸಿರುತ್ತಾರೆ ಎಂಬ ಕಾರಣಕ್ಕೆ.

ಹವಾಯಿ ಚಪ್ಪಲಿ: ಇದೂ ರಬ್ಬರೇ, ಆದರೆ ಗಾಳಿಗುಳ್ಳೆ ತುಂಬಿದ ಸ್ಪಂಜು ರಬ್ಬರು. ಹೊಸದರಲ್ಲಿ ಹಿಡಿತ ಚೆನ್ನಾಗಿರುತ್ತದೆ. ತೊಂದರೆ ಇರುವುದು ಸವೆತದಲ್ಲಿ. ತಳದ ಗೆರೆಗಳು ಆಳವಿಲ್ಲದವು, ಹಿಮ್ಮಡಿಯ ಭಾಗ ಬೇಗ ನುಣ್ಣಗಾಗುತ್ತದೆ. ಬಾರು ಕಿತ್ತುಹೋಗುವವರೆಗೆ ಹಾಕಿಕೊಳ್ಳುವುದು ನಮ್ಮ ರೂಢಿ. ಆದರೆ ಬಾರು ಕೀಳುವುದಕ್ಕೆ ಎಷ್ಟೋ ಮೊದಲೇ ಹಿಡಿತ ಹೋಗಿರುತ್ತದೆ.

ಪಿವಿಸಿ: ನೀರಿನ ಪೈಪಿಗೆ ಬಳಸುವ ಅದೇ ಪ್ಲಾಸ್ಟಿಕ್. ಸಹಜವಾಗಿ ಅದು ಗಟ್ಟಿ. ಮೆತ್ತಗಾಗಲು ಅದಕ್ಕೆ ಎಣ್ಣೆಯಂಥ ಮೆದುಕಾರಿ ದ್ರವ ಬೆರೆಸುತ್ತಾರೆ. ಮೆತ್ತನೆಯ ಅಟ್ಟೆಯಲ್ಲಿ ಇದು ತೂಕದ ಮೂರನೇ ಒಂದು ಭಾಗದಷ್ಟೂ ಇರಬಹುದು. ಈ ದ್ರವ ಪ್ಲಾಸ್ಟಿಕ್‌ಗೆ ಬೆಸೆದುಕೊಂಡಿರುವುದಿಲ್ಲ, ಕಾಲಕ್ರಮೇಣ ನಿಧಾನವಾಗಿ ಹೊರಗೆ ಬರುತ್ತದೆ. ಹೊಸದರಲ್ಲಿ ಮೆತ್ತಗಿದ್ದ ಚಪ್ಪಲಿ ಒಂದೆರಡು ವರ್ಷದಲ್ಲಿ ಗಟ್ಟಿಯಾಗಿ, ಮಡಚುವ ಕಡೆ ಬಿರುಕು ಬಿಡುವುದು ಹೀಗೆ. ಗಟ್ಟಿಯಾದಂತೆಲ್ಲ ಜಾರುವುದೂ ಹೆಚ್ಚುತ್ತದೆ.

ಇವಿಎ: ಈಗ ಎಲ್ಲೆಲ್ಲೂ ಕಾಣುವ, ಕೈಗೆತ್ತಿಕೊಂಡರೆ ಹತ್ತಿಯಷ್ಟು ಹಗುರ ಅನಿಸುವ ನೊರೆ ಪ್ಲಾಸ್ಟಿಕ್. ಒಳಗೆ ಮುಚ್ಚಿದ ಗಾಳಿಗುಳ್ಳೆಗಳು, ಹಾಗಾಗಿ ನೀರು ಹೀರುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ನಿಲ್ಲುವವರಿಗೆ ಸುಖ. ಆದರೆ ನುಣುಪಾದ ಒದ್ದೆ ಟೈಲ್ ಮೇಲೆ ಇದು ಸಾಮಾನ್ಯವಾಗಿ ಒಳ್ಳೆಯ ರಬ್ಬರಿನಷ್ಟು ಹಿಡಿಯುವುದಿಲ್ಲ, ಬೇಗ ಸವೆಯುತ್ತದೆ, ಭಾರ ಬಿದ್ದ ಕಡೆ ಕುಗ್ಗಿ ಕೂರುತ್ತದೆ. ಓಟದ ಬೂಟುಗಳನ್ನು ತಿರುಗಿಸಿ ನೋಡಿ. ಎಷ್ಟೋ ಬೂಟುಗಳಲ್ಲಿ ಇವಿಎ ಇರುವುದು ಮಧ್ಯದಲ್ಲಿ, ನೆಲ ಮುಟ್ಟುವ ಕಡೆ ರಬ್ಬರಿನ ಪದರ ಬೇರೆ ಅಂಟಿಸಿರುತ್ತಾರೆ. ಮೆತ್ತನೆಯ ಕೆಲಸ ಒಂದಕ್ಕೆ, ಹಿಡಿತದ ಕೆಲಸ ಇನ್ನೊಂದಕ್ಕೆ.

ಪಿಯು, ಅಂದರೆ ಪಾಲಿಯುರಿಥೇನ್: 1937ರಲ್ಲಿ ಜರ್ಮನಿಯಲ್ಲಿ ಓಟ್ಟೊ ಬಾಯರ್ ಮತ್ತು ಸಂಗಡಿಗರು ರೂಪಿಸಿದ ವಸ್ತು. ಸವೆತ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಇದಕ್ಕೊಂದು ಗುಟ್ಟಿನ ದೌರ್ಬಲ್ಯವಿದೆ. ಕೆಲವು ಬಗೆಯ ಪಿಯು ಗಾಳಿಯ ತೇವದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ಒಳಗೊಳಗೇ ಮುರಿಯುತ್ತದೆ. ಮದುವೆಗೆಂದು ಕೊಂಡು ಬೀರುವಿನಲ್ಲಿಟ್ಟ ಬೂಟು ಮೂರ್ನಾಲ್ಕು ವರ್ಷದ ನಂತರ ಹಾಕಿಕೊಂಡಾಗ ಅಟ್ಟೆ ಪುಡಿಪುಡಿಯಾಗಿ ಉದುರುವುದನ್ನು ನೀವೂ ನೋಡಿರಬಹುದು. ಬಹುಪಾಲು ಅದಕ್ಕೆ ಕಾರಣ ಇದೇ, "ಡೂಪ್ಲಿಕೇಟ್ ಮಾಲು" ಎಂದೇ ಆಗಬೇಕಿಲ್ಲ. ಬಳಸದೆ ಜೋಪಾನ ಮಾಡಿದರೂ ಇದಕ್ಕೆ ವಯಸ್ಸಾಗುತ್ತದೆ.

ಟಿಪಿಆರ್: ರಬ್ಬರಿನ ಗುಣ, ಪ್ಲಾಸ್ಟಿಕ್‌ನಂತೆ ಕರಗಿಸಿ ಅಚ್ಚು ಹಾಕುವ ಅನುಕೂಲ, ಎರಡೂ ಇರುವ ವಸ್ತು. ನೀರಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಆದರೆ ಎಣ್ಣೆ, ಪೆಟ್ರೋಲ್, ಅತಿ ಶಾಖ ಇದಕ್ಕೆ ಆಗುವುದಿಲ್ಲ. ಗ್ಯಾರೇಜು, ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ ಮಾಡುವವರಿಗೆ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನ ಅಟ್ಟೆ ಬೇಕಾಗುವುದು ಇದಕ್ಕೇ.

ಗಮನಿಸಿ, ಎಲ್ಲ ಗುಣಗಳೂ ಒಂದರಲ್ಲೇ ಸಿಗುವುದು ಕಷ್ಟ. ಹಿಡಿತ, ಬಾಳಿಕೆ, ಹಗುರ, ಅಗ್ಗ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಇದು ಚಪ್ಪಲಿಗಷ್ಟೇ ಸೀಮಿತವಲ್ಲ. ಫ್ರಿಸ್ಬೀ ತಟ್ಟೆ ಎಸೆದು ಗುರಿ ಮುಟ್ಟಿಸುವ ಡಿಸ್ಕ್ ಗಾಲ್ಫ್ ಎಂಬ ಆಟವಿದೆ. ಅದರ ಆಟಗಾರರು ಒಂದೇ ಆಕಾರದ ತಟ್ಟೆಯನ್ನು ಎರಡು ಮೂರು ಬಗೆಯ ಪ್ಲಾಸ್ಟಿಕ್‌ನಲ್ಲಿ ಕೊಳ್ಳುತ್ತಾರೆ. ಅಗ್ಗದ ಪ್ಲಾಸ್ಟಿಕ್ ಬೆರಳಿಗೆ ಚೆನ್ನಾಗಿ ಸಿಗುತ್ತದೆ, ಆದರೆ ಮರಕ್ಕೆ ಬಡಿದು ಬೇಗ ಹಾಳಾಗುತ್ತದೆ. ದುಬಾರಿ ಪ್ಲಾಸ್ಟಿಕ್ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅದರಲ್ಲಿ ಎಷ್ಟೋ ಬಗೆಗಳು ಮಳೆಯಲ್ಲಿ ಕೈಯಿಂದ ಜಾರುತ್ತವೆ. ಅವರಿಗೆ ತಪ್ಪಿದರೆ ಒಂದು ಎಸೆತ ಹೋಗುತ್ತದೆ. ನಮಗೆ ತಪ್ಪಿದರೆ ಸೊಂಟ ಹೋಗುತ್ತದೆ.

ಮೆಸೇಜ್‌ಗಳಲ್ಲಿ ಬರುವ ಮಾತುಗಳು: ನಿಜ ಎಷ್ಟು?

"ಮೆತ್ತಗಿದ್ದಷ್ಟೂ ಜಾರುವುದಿಲ್ಲ." ಅರ್ಧ ನಿಜ. ಒಣ ನೆಲದ ಮೇಲೆ, ಒರಟು ನೆಲದ ಮೇಲೆ ಮೆತ್ತನೆಯದು ಹೆಚ್ಚು ಹಿಡಿಯುತ್ತದೆ. ಆದರೆ ತೀರಾ ಮೆತ್ತಗಿದ್ದರೆ ತಳದ ಗೆರೆಗಳು ಮೈಭಾರಕ್ಕೆ ಮುಚ್ಚಿಕೊಂಡು ನೀರು ಹೊರಹೋಗಲು ದಾರಿಯೇ ಇರುವುದಿಲ್ಲ. ಬೇಗ ಸವೆದು ನುಣ್ಣಗಾಗುವುದೂ ಅದೇ. ಮೆತ್ತನೆಯ ನೊರೆ ಬೇರೆ, ಮೆತ್ತನೆಯ ರಬ್ಬರು ಬೇರೆ. ಕೈಗೆ ಎರಡೂ ಒಂದೇ ಥರ ಅನಿಸಬಹುದು, ಒದ್ದೆ ಟೈಲ್‌ಗೆ ಒಂದೇ ಥರ ಅಲ್ಲ.

"ಗೆರೆ ಆಳವಾಗಿದ್ದರೆ ಸಾಕು." ಅರ್ಧ ನಿಜ. ಆಳವಾದ ದೊಡ್ಡ ಹಲ್ಲುಗಳು ಕೆಸರಿಗೆ, ಗದ್ದೆಗೆ, ಚಾರಣಕ್ಕೆ. ನುಣುಪಾದ ಒದ್ದೆ ನೆಲಕ್ಕೆ ಬೇಕಾದದ್ದು ಅಂಚು ಚೂಪಾಗಿರುವ, ಒತ್ತೊತ್ತಾಗಿರುವ, ಅಟ್ಟೆಯ ಅಂಚಿನವರೆಗೆ ತೆರೆದಿರುವ ಗೆರೆಗಳು. ಆಗ ನೀರು ಬದಿಗೆ ಹರಿದು ಹೋಗುತ್ತದೆ. ನಾಲ್ಕು ಕಡೆಯೂ ಕಟ್ಟೆ ಕಟ್ಟಿದಂತಿರುವ ವಿನ್ಯಾಸ ನೀರನ್ನು ಹೊರಗೆ ಬಿಡದೆ ಒಳಗೇ ಹಿಡಿದಿಡುತ್ತದೆ. ಹಿಮ್ಮಡಿಯ ಭಾಗದಲ್ಲಿ ಗೆರೆಯ ಬದಲು ಕಂಪನಿಯ ದೊಡ್ಡ ಲಾಂಛನವೇ ನುಣ್ಣಗೆ ಅಚ್ಚಾಗಿದ್ದರೆ ಅದು ನೋಡಲು ಚೆಂದ, ಅಷ್ಟೇ.

"ಡಾಕ್ಟರ್ ಚಪ್ಪಲಿ ಜಾರುವುದಿಲ್ಲ." ಇಲ್ಲಿ ಎರಡು ವಿಷಯ ಬೆರೆತುಹೋಗಿದೆ. ಕಾಲಿನ ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳಿಗಾಗಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಂಗಡಿಗರು ಸೂಕ್ಷ್ಮರಂಧ್ರ ರಬ್ಬರಿನ, ಅಂದರೆ ಎಂಸಿಆರ್ ಪಾದರಕ್ಷೆಗಳನ್ನು ಬಳಕೆಗೆ ತಂದರು. ಇಂದು ಸಕ್ಕರೆ ಕಾಯಿಲೆ ಇರುವವರಿಗೂ ವೈದ್ಯರು ಅದನ್ನು ಹೇಳುತ್ತಾರೆ. ಆ ಮೆತ್ತನೆಯ ಪದರದ ಕೆಲಸ ಪಾದದ ಮೇಲಿನ ಒತ್ತಡ ಹಂಚಿ ಹುಣ್ಣು ಆಗದಂತೆ ನೋಡಿಕೊಳ್ಳುವುದು. ನೆಲ ಹಿಡಿಯುವುದು ಅದರ ಕೆಳಗಿನ ಗಟ್ಟಿ ಅಟ್ಟೆಯ ಕೆಲಸ. "ಡಾಕ್ಟರ್" ಎಂಬ ಪದ ಚಪ್ಪಲಿಯ ಮೇಲಿದ್ದ ಮಾತ್ರಕ್ಕೆ ಎರಡೂ ಸರಿಯಾಗಿವೆ ಎಂದಲ್ಲ.

"ಹೊಸ ಚಪ್ಪಲಿಯ ತಳ ಉಜ್ಜಿದರೆ ಹಿಡಿತ ಬರುತ್ತದೆ." ಇದು ಬಹುಪಾಲು ನಿಜ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ ಜಾರುವ ದ್ರವದ ಅಂಶ ಹೊಸ ಅಟ್ಟೆಯ ಮೇಲೆ ಉಳಿದಿರಬಹುದು, ಮೇಲ್ಮೈಯೂ ಹೊಳಪಾಗಿರುತ್ತದೆ. ಸೋಪು ಹಾಕಿ ತೊಳೆದು, ಮರಳು ಕಾಗದದಿಂದ ಹಗುರವಾಗಿ ಉಜ್ಜಿದರೆ ಹಿಡಿತ ಸುಧಾರಿಸುತ್ತದೆ. ಆದರೆ ಪೂರ್ತಿ ಸವೆದ ಅಟ್ಟೆಗೆ ಉಜ್ಜಿದರೆ ಗೆರೆ ಮರಳಿ ಬರುವುದಿಲ್ಲ.

"ಗೋಂದು ಹಚ್ಚಿ, ಹೇರ್ ಸ್ಪ್ರೇ ಹೊಡೆಯಿರಿ." ಬೇಡ. ಒಣಗಿದ ಗೋಂದು ಗಟ್ಟಿ, ನುಣುಪು ಪದರವಾಗುತ್ತದೆ. ಸ್ಪ್ರೇಯ ಅಂಟು ನೀರು ತಾಗಿದ ಮೇಲೆ ನಿಲ್ಲುವುದಿಲ್ಲ. ಹೊಳಪು ಬರಲೆಂದು ಎಣ್ಣೆ ಹಚ್ಚುವುದಂತೂ ನೇರವಾಗಿ ಅಪಾಯ, ರಬ್ಬರಿಗೂ ಅದು ಒಳ್ಳೆಯದಲ್ಲ.

ನೆಲದ ಪಾಲೂ ಇದೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ, ಬಚ್ಚಲಿನಲ್ಲಿ ಒರಟು ಕಲ್ಲು ಇರುತ್ತಿತ್ತು. ಮನೆ ಹೊಸದು ಮಾಡುವಾಗ ಹಜಾರದಿಂದ ಬಚ್ಚಲಿನವರೆಗೂ ಒಂದೇ ಬಗೆಯ ಹೊಳೆಯುವ ಟೈಲ್ ಹಾಕಿಸುವವರಿದ್ದಾರೆ. ಅಂಥ ಕಡೆ ಸೋಪಿನ ನೀರು ಬಿದ್ದರೆ ಎಂಥ ಚಪ್ಪಲಿಯೂ ತಿಣುಕಾಡುತ್ತದೆ.

ಟೈಲ್ ಅಂಗಡಿಗಳಲ್ಲಿ ಆರ್9, ಆರ್10, ಆರ್11 ಎಂಬ ಗುರುತು ಕಾಣಬಹುದು. ಇದು ಜರ್ಮನಿಯ ಮಾನದಂಡ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯರನ್ನು ನಡೆಸಿ, ಎಷ್ಟು ಕೋನದವರೆಗೆ ಜಾರದೆ ನಿಲ್ಲುತ್ತಾರೆ ಎಂದು ಅಳೆಯುತ್ತಾರೆ. ಆರ್9 ಅತಿ ಕಡಿಮೆ ದರ್ಜೆ, ಆರ್13 ಅತಿ ಹೆಚ್ಚು. "ಆರ್9 ಇದೆ ಸಾರ್, ಆಂಟಿ ಸ್ಕಿಡ್" ಎಂದರೆ ಕೆಳಗಿನ ಮೆಟ್ಟಿಲು ಎಂದು ತಿಳಿಯಿರಿ. ಹಿರಿಯರು ಬಳಸುವ ಬಚ್ಚಲಿಗೆ ಮ್ಯಾಟ್ ಮೇಲ್ಮೈಯ, ಹೆಚ್ಚಿನ ದರ್ಜೆಯ ಟೈಲ್ ಮತ್ತು ಗೋಡೆಗೆ ಹಿಡಿಕೆ ಇದ್ದರೆ, ಚಪ್ಪಲಿಯೊಂದರ ಮೇಲೆ ಬೀಳುವ ಹೊಣೆ ಹಗುರಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು, ಚಪ್ಪಲಿಯ ಮೇಲ್ಭಾಗಕ್ಕಿಂತ ತಳ ನೋಡಿ. ನೆಲ ಮುಟ್ಟುವ ಪದರ ರಬ್ಬರೋ ನೊರೆಯೋ ಎಂದು ಕೇಳಿ. ಮನೆಯಲ್ಲಿರುವ ಚಪ್ಪಲಿಯನ್ನು ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ತೇಲಿದರೆ ಅದರಲ್ಲಿ ಗಾಳಿಗುಳ್ಳೆಯ ವಸ್ತುವೇ ಹೆಚ್ಚು, ಅಂದರೆ ಇವಿಎ ಅಥವಾ ಸ್ಪಂಜು. ಮುಳುಗಿದರೆ ಗಟ್ಟಿ ರಬ್ಬರು ಅಥವಾ ಪಿವಿಸಿ. ಇದು ಹಿಡಿತದ ಪರೀಕ್ಷೆಯಲ್ಲ, ವಸ್ತು ಗುರುತಿಸುವ ಸುಳಿವು ಮಾತ್ರ.

ಎರಡನೆಯದು, ಹಿಮ್ಮಡಿ ಸವೆತ ನೋಡಿ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಜಾರು ನಿರೋಧಕ ಬೂಟುಗಳಿಗೆ ಒಂದು ಸುಲಭ ಅಳತೆ ಹೇಳಿದ್ದಾರೆ. ಗೆರೆ ಅಳಿಸಿ ನುಣ್ಣಗಾದ ಭಾಗ ಎಎ ಸೆಲ್ಲಿನ ತಳಕ್ಕಿಂತ ದೊಡ್ಡದಾಗಿದ್ದರೆ ಬೂಟು ಬದಲಿಸುವ ಸಮಯ ಬಂದಿದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲನ್ನು ಅಟ್ಟೆಯ ಹಿಮ್ಮಡಿಗೆ ಹಿಡಿದು ನೋಡಿದರೆ ಸಾಕು. ಚಪ್ಪಲಿಗೂ ಇದೇ ಎಚ್ಚರಿಕೆ ಒಳ್ಳೆಯದು.

ಮೂರನೆಯದು, ಜಾರುವ ಜಾಗ ಎರಡಿವೆ ಎಂದು ನೆನಪಿಡಿ. ಚಪ್ಪಲಿ ನೆಲದ ಮೇಲೆ ಜಾರುವುದು ಒಂದು, ಒದ್ದೆ ಪಾದ ಚಪ್ಪಲಿಯ ಮೇಲೆ ಜಾರುವುದು ಇನ್ನೊಂದು. ಹಿಂದೆ ಪಟ್ಟಿ ಇಲ್ಲದ, ಬಾರು ಸಡಿಲವಾದ ಚಪ್ಪಲಿಯಲ್ಲಿ ಎರಡನೆಯದೇ ಹೆಚ್ಚು. ಹಿರಿಯರಿಗೆ ಹಿಮ್ಮಡಿ ಪಟ್ಟಿ ಇರುವ, ಅಳತೆಗೆ ಸರಿಯಾದ ಪಾದರಕ್ಷೆ ವಾಸಿ.

ನಾಲ್ಕನೆಯದು, ಗುರುತು ನೋಡಿ. ರಬ್ಬರ್ ಹವಾಯಿ ಚಪ್ಪಲಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10702 ಎಂಬ ಮಾನದಂಡವಿದೆ. ಐಎಸ್‌ಐ ಗುರುತು ವಸ್ತುವಿನ ಗುಣಮಟ್ಟಕ್ಕೆ ಒಂದು ಭರವಸೆ. ಆದರೆ ಯಾವ ಗುರುತೂ ಸವೆದ ಅಟ್ಟೆಯನ್ನು ಕಾಪಾಡುವುದಿಲ್ಲ.

ಕೊನೆಯದಾಗಿ, ಮಳೆಯಲ್ಲಿ ನೆನೆದು ನುಣುಪು ನೆಲಕ್ಕೆ ಕಾಲಿಡುವಾಗ ಬಾಗಿಲಲ್ಲಿರುವ ಮ್ಯಾಟ್ ಮೇಲೆ ಎರಡು ಸಲ ಕಾಲೊರೆಸಿ. ಆಮೇಲೆ ಹೆಜ್ಜೆ ಚಿಕ್ಕದು ಮಾಡಿ, ಪಾದವನ್ನು ಸಮತಟ್ಟಾಗಿ ಊರಿ. ಉದ್ದ ಹೆಜ್ಜೆಯಲ್ಲಿ ಹಿಮ್ಮಡಿ ಹೆಚ್ಚು ಓರೆಯಾಗಿ ಬೀಳುತ್ತದೆ, ಆಗ ಹೆಚ್ಚು ಹಿಡಿತ ಬೇಕು. ಚಿಕ್ಕ ಹೆಜ್ಜೆಗೆ ಕಡಿಮೆ ಸಾಕು.

ಒಟ್ಟಿನಲ್ಲಿ, ಜಾರದ ಪ್ಲಾಸ್ಟಿಕ್ ಎಂಬುದೊಂದು ಇಲ್ಲ. ಇರುವುದು ಇಂಥ ನೆಲಕ್ಕೆ, ಇಂಥ ದ್ರವಕ್ಕೆ, ಇಷ್ಟು ಕಾಲದವರೆಗೆ ಸರಿಹೊಂದುವ ಅಟ್ಟೆ. "ಈ ಚಪ್ಪಲಿ ಹಾಕಿದರೆ ಬೀಳುವುದೇ ಇಲ್ಲ" ಎಂಬ ಮೆಸೇಜ್ ಇನ್ನೊಮ್ಮೆ ಬಂದರೆ ಅದನ್ನು ಫಾರ್ವರ್ಡ್ ಮಾಡುವ ಮೊದಲು ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಹಾಕಿಕೊಳ್ಳುವ ಬಚ್ಚಲ ಚಪ್ಪಲಿಯನ್ನು ಒಮ್ಮೆ ತಿರುಗಿಸಿ ನೋಡಿ. ಹಿಮ್ಮಡಿ ನುಣ್ಣಗಾಗಿದ್ದರೆ, ಬಾರು ಗಟ್ಟಿಯಾಗಿದ್ದರೂ ಸರಿ, ಅದರ ಕಾಲ ಮುಗಿದಿದೆ.